ಕಿತ್ತ ಬಾಗಿಲಿಗೂ ಬಿಚ್ಚಿದ ಸಿಂಕಿಗೂ ನಮ್ಮೂರಲ್ಲಿ ಒಂದು ಅಂಗಡಿ ಬೇಕು

ಸಂಪಾದಕರಿಗೆ ನಮಸ್ಕಾರ.

ಕಟ್ಟಡ ಕೆಡವಿದ ಮಣ್ಣು, ಇಟ್ಟಿಗೆ, ಒಡೆದ ಟೈಲ್ಸ್ ಎಲ್ಲಾನೂ ರಾತ್ರೋರಾತ್ರಿ ಟಿಪ್ಪರ್‌ನಲ್ಲಿ ತಂದು ಕೆರೆ ದಂಡೆಗೆ ಸುರಿದು ಹೋಗ್ತಾರೆ ಅನ್ನೋ ಸುದ್ದಿ ನಿಮ್ಮ ಪತ್ರಿಕೇಲಿ ಆಗಾಗ ಬರ್ತಾನೇ ಇರುತ್ತೆ. ಸಿಮೆಂಟು, ಕಬ್ಬಿಣ, ಮರದ ರೇಟು ಏರಿ ಬಡವರು ಮನೆ ಅರ್ಧಕ್ಕೇ ನಿಲ್ಲಿಸಿದಾರೆ ಅನ್ನೋ ಸುದ್ದಿನೂ ಬರುತ್ತೆ. ಎರಡೂ ಬೇರೆ ಬೇರೆ ಪುಟದ ಸುದ್ದಿ, ಆದ್ರೆ ಎರಡಕ್ಕೂ ಒಂದೇ ಕಡೆಯಿಂದ ಸ್ವಲ್ಪ ಪರಿಹಾರ ಸಿಗುತ್ತೆ ಅಂತ ನಾನು ನಂಬಿದೀನಿ, ಯಾಕಂದ್ರೆ ಅಂಥದ್ದೊಂದು ವ್ಯವಸ್ಥೆ ನಾನಿರೋ ಊರಲ್ಲಿ ಮೂವತ್ತು ವರ್ಷಕ್ಕೂ ಮೇಲಿಂದ ನಡೀತಾ ಇದೆ, ಅದನ್ನ ಹತ್ರದಿಂದ ನೋಡಿದೀನಿ, ನಮ್ಮ ಮನೆ ರಿಪೇರಿ ಮುಕ್ಕಾಲು ಪಾಲು ಅದರಿಂದಲೇ ಆಗಿದೆ.

ನಾನು ತುಮಕೂರು ಜಿಲ್ಲೆಯವನು, ಈಗಿರೋದು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ. ಇಲ್ಲಿ ಹ್ಯಾಬಿಟ್ಯಾಟ್ ಫಾರ್ ಹ್ಯುಮಾನಿಟಿ ಅಂತ ಒಂದು ಸೇವಾ ಸಂಸ್ಥೆ ಇದೆ, ಮಿಲರ್ಡ್ ಫುಲರ್ ಮತ್ತೆ ಲಿಂಡಾ ಫುಲರ್ ಅನ್ನೋ ದಂಪತಿ 1976ರಲ್ಲಿ ಜಾರ್ಜಿಯಾ ರಾಜ್ಯದ ಅಮೆರಿಕಸ್ ಅನ್ನೋ ಸಣ್ಣ ಊರಲ್ಲಿ ಶುರು ಮಾಡಿದ್ದು. ಕಡಿಮೆ ಸಂಬಳದ ಕುಟುಂಬಗಳಿಗೆ ಮನೆ ಕಟ್ಟೋದು ಇವರ ಕೆಲಸ. ಪುಕ್ಕಟೆ ಕೊಡಲ್ಲ, ಮನೆ ತಗೊಳ್ಳೋರು ತಾವೂ ಬಂದು ನೂರಾರು ಗಂಟೆ ಕಟ್ಟಡದಲ್ಲಿ ದುಡಿಬೇಕು, ಆಮೇಲೆ ತೀರಿಸೋಕೆ ಆಗೋ ಅಷ್ಟು ಕಂತು ಕಟ್ಕೊಂಡು ಹೋಗ್ಬೇಕು. ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರು ಅಧಿಕಾರ ಬಿಟ್ಟ ಮೇಲೆ 1984ರಿಂದ ವರ್ಷಾನುಗಟ್ಲೆ ಸುತ್ತಿಗೆ ಹಿಡಿದು ಕೆಲಸ ಮಾಡಿದ್ದು ಇದೇ ಸಂಸ್ಥೆ ಜೊತೆ, 2006ರಲ್ಲಿ ಮಹಾರಾಷ್ಟ್ರದ ಲೋನಾವಳ ಹತ್ರದ ಮಳವಲಿಗೂ ಬಂದು ಮನೆ ಕಟ್ಟೋ ಕೆಲಸದಲ್ಲಿ ಕೈ ಜೋಡಿಸಿದ್ರು.

ಈ ಸಂಸ್ಥೆಗೆ ದುಡ್ಡು ಹುಟ್ಟೋ ದಾರಿಗಳಲ್ಲಿ ಒಂದು ರೀಸ್ಟೋರ್ ಅನ್ನೋ ಅಂಗಡಿಗಳು. ಮೊದಲನೇದು ಕೆನಡಾದ ವಿನಿಪೆಗ್‌ನಲ್ಲಿ 1991ರಲ್ಲಿ ಶುರುವಾಯ್ತು, ಮಾರನೇ ವರ್ಷ 1992ರಲ್ಲಿ ಅಮೆರಿಕಕ್ಕೆ ಮೊದಲನೇದು ಬಂದಿದ್ದು ನಮ್ಮ ಆಸ್ಟಿನ್‌ಗೆ. ಈಗ ಅಮೆರಿಕ, ಕೆನಡಾ ಎರಡೂ ಸೇರಿದ್ರೆ ನೂರಾರು ಅಂಗಡಿ ಇದಾವೆ. ಮನೆ ರಿಪೇರಿ ಮಾಡ್ಸೋರು, ಕಾಂಟ್ರಾಕ್ಟರ್‌ಗಳು, ದೊಡ್ಡ ದೊಡ್ಡ ಅಂಗಡಿಯೋರು ತಮಗೆ ಬೇಡದ ಬಾಗಿಲು, ಕಿಟಕಿ, ಕಿಚನ್ ಕಪಾಟು, ಸಿಂಕು, ಕಮೋಡು, ಲೈಟು, ಫ್ಯಾನು, ಉಳಿದ ಟೈಲ್ಸ್ ಬಾಕ್ಸು ಎಲ್ಲಾನೂ ದಾನ ಕೊಡ್ತಾರೆ, ದೊಡ್ಡ ಸಾಮಾನಾದ್ರೆ ಅಂಗಡಿಯೋರೇ ಲಾರಿ ಕಳಿಸಿ ಮನೆ ಬಾಗಿಲಿಂದ ಹೊತ್ಕೊಂಡು ಬರ್ತಾರೆ. ಅದನ್ನ ಒರೆಸಿ, ಜೋಡಿಸಿ, ಬೆಲೆ ಚೀಟಿ ಅಂಟಿಸಿ, ಹೊಸದರ ಅರ್ಧ ಬೆಲೆಗೆ, ಎಷ್ಟೋ ಸಲ ಕಾಲು ಬೆಲೆಗೆ ಮಾರ್ತಾರೆ, ಬಂದ ಲಾಭ ಬಡವರ ಮನೆ ಕಟ್ಟೋಕೆ ಹೋಗುತ್ತೆ. ಯಾರು ಬೇಕಾದ್ರೂ ಹೋಗಿ ತಗೋಬಹುದು, ಆದಾಯ ಪ್ರಮಾಣಪತ್ರ ತೋರ್ಸು ಅಂತ ಯಾರೂ ಕೇಳಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿರೋದು ಇದೇ ಮಾತು, ಕೊಳ್ಳೋಕೆ ಬಂದೋರು ಕೈ ಚಾಚ್ತಾ ಇಲ್ಲ, ವ್ಯಾಪಾರ ಮಾಡ್ತಾ ಇದಾರೆ.

ಶನಿವಾರ ಬಿಡುವಿದ್ದಾಗ ನಾನೂ ಅಲ್ಲಿಗೆ ಸೇವೆಗೆ ಹೋಗ್ತೀನಿ, ಸಾಮಾನು ಇಳಿಸೋದು, ಅಳತೆ ಬರೆಯೋದು ಇಂಥ ಕೆಲಸ. ಒಂದು ಸಲ ದೊಡ್ಡ ಮನೆಯೊಂದರಿಂದ ಪೂರ್ತಿ ಅಡುಗೆಮನೆಯೇ ಬಿಚ್ಕೊಂಡು ಬಂತು. ಮೇಪಲ್ ಮರದ ಕಪಾಟುಗಳು, ಡ್ರಾಯರ್ ಎಳೆದ್ರೆ ಒಂಚೂರು ಸದ್ದಿಲ್ಲ, ಮೇಲಿನ ಗ್ರಾನೈಟ್ ಒಂದು ಮೂಲೇಲಿ ಮಾತ್ರ ಚಕ್ಕೆ ಎದ್ದಿತ್ತು, ಹೊಸ ಬಣ್ಣದ್ದು ಬೇಕು ಅಂತ ಆ ಮನೆಯೋರು ತೆಗೆಸಿದ್ರು ಅಷ್ಟೇ. ಅದನ್ನ ಸೆಟ್ ಲೆಕ್ಕದಲ್ಲಿ ಒಂದು ಕಡೆ ಜೋಡಿಸಿ ನಿಲ್ಲಿಸಿದ್ವಿ. ಮಧ್ಯಾಹ್ನದೊಳಗೆ ಒಂದು ಜೋಡಿ ಬಂದ್ರು, ಆಫೀಸುಗಳಲ್ಲಿ ರಾತ್ರಿ ಪಾಳಿ ಕ್ಲೀನಿಂಗ್ ಕೆಲಸ ಮಾಡೋರಂತೆ, ಆಯಮ್ಮ ಬ್ಯಾಗಿಂದ ಒಂದು ಕರೆಂಟ್ ಬಿಲ್ ತೆಗೆದ್ರು, ಅದರ ಹಿಂದೆ ಪೆನ್ಸಿಲ್‌ನಲ್ಲಿ ತಮ್ಮ ಅಡುಗೆಮನೆ ನಕ್ಷೆ ಬರ್ಕೊಂಡು ಬಂದಿದ್ರು, ಸ್ಟೌವ್ ಎಲ್ಲಿ, ಕಿಟಕಿ ಎಲ್ಲಿ, ನೀರಿನ ಪೈಪು ಗೋಡೆಯಿಂದ ಎಷ್ಟು ಇಂಚಿಗೆ ಬರುತ್ತೆ ಎಲ್ಲಾ. ಗಂಡ ಟೇಪ್ ಹಿಡಿದ್ರು, ಆಯಮ್ಮ ಒಂದೊಂದೇ ಕಪಾಟು ಅಳೆದು ಬಿಲ್ ಮೇಲೆ ಟಿಕ್ ಹಾಕ್ತಾ ಹೋದ್ರು, ಒಂದು ಕಪಾಟು ಹಿಡಿಸಲ್ಲ ಅಂತ ಗೊತ್ತಾದಾಗ ಅದನ್ನ ಬಟ್ಟೆ ಇಡೋಕೆ ಮಕ್ಕಳ ರೂಮಿಗೆ ಹಾಕೋಣ ಅಂತ ಅಲ್ಲೇ ತೀರ್ಮಾನ ಮಾಡಿದ್ರು. ಹೊಸದಾಗಿ ಅಂಥ ಅಡುಗೆಮನೆ ಮಾಡ್ಸೋಕೆ ಸಾವಿರಾರು ಡಾಲರ್ ಬೇಕು, ಅವರ ಕೈಲಿದ್ದಿದ್ದು ಅದರಲ್ಲಿ ಸಣ್ಣ ಪಾಲು. ಆವತ್ತು ಲಾರಿಗೆ ತುಂಬೋಕೆ ನಾವೆಲ್ಲ ಕೈ ಹಾಕಿದ್ವಿ.

ನಿಮ್ಮ ಇ-ಪೇಪರ್ ಓದೋ ನಮ್ಮ ಕನ್ನಡದೋರು ಅಮೆರಿಕದಲ್ಲಿ ಬೇಕಾದಷ್ಟು ಜನ ಇದಾರೆ, ಹಳೇ ಮನೆ ತಗೊಂಡು ರಿಪೇರಿಗೆ ಕೈ ಸುಟ್ಕೊಳ್ತಾ ಇರೋರೂ ಇದಾರೆ, ಅವರಿಗೋಸ್ಕರ ಒಂದೆರಡು ಕೆಲಸಕ್ಕೆ ಬರೋ ಮಾತು ಹೇಳ್ತೀನಿ. ಮೊದಲು ಮನೆಯ ಅಳತೆ ಬರ್ಕೊಂಡು, ಫೋಟೋ ಇಟ್ಕೊಂಡು, ಟೇಪ್ ಜೇಬಲ್ಲಿ ಹಾಕ್ಕೊಂಡೇ ಹೋಗಿ. ಒಳಗಿನ ಬಾಗಿಲುಗಳು ಇಲ್ಲಿ ಸಾಮಾನ್ಯವಾಗಿ 80 ಇಂಚು ಎತ್ತರ, ಅಗಲ ಮಾತ್ರ 24ರಿಂದ 36 ಇಂಚಿನ ತನಕ ಬೇರೆ ಬೇರೆ ಇರುತ್ತೆ, ಹಳೇ ಮನೆಗಳಲ್ಲಿ ಎತ್ತರನೂ ಹೆಚ್ಚುಕಮ್ಮಿ ಆಗಿರುತ್ತೆ. ಫ್ರೇಮ್ ಸಮೇತ ಸಿಗೋ ಬಾಗಿಲಾದ್ರೆ ಎಡಕ್ಕೆ ತೆರೆಯೋದಾ ಬಲಕ್ಕೆ ತೆರೆಯೋದಾ ಅಂತ ನೋಡ್ಲೇಬೇಕು, ಬರೀ ಹಲಗೆ ತಗೊಂಡ್ರೆ ಹಿಂಜ್ ಕೂರಿಸೋ ಕಚ್ಚು ನಿಮ್ಮ ಫ್ರೇಮಿಗೆ ಹೊಂದಬೇಕು, ಇಲ್ದಿದ್ರೆ ಬಡಗಿ ಕೂಲಿಲೇ ಉಳಿತಾಯ ಎಲ್ಲಾ ಹೋಗುತ್ತೆ. ಟೈಲ್ಸ್ ತಗೊಳ್ವಾಗ ಎಲ್ಲಾ ಬಾಕ್ಸಿನ ಮೇಲೂ ಒಂದೇ ಲಾಟ್ ನಂಬರ್ ಇದೆಯಾ ನೋಡಿ, ಬೇರೆ ಲಾಟ್ ಆದ್ರೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಬಂದೇ ಬರುತ್ತೆ, ನೆಲಕ್ಕೆ ಹಾಕಿದ ಮೇಲೆ ಬಿಸಿಲಲ್ಲಿ ಎದ್ದು ಕಾಣುತ್ತೆ. ಲೆಕ್ಕಕ್ಕಿಂತ ನೂರಕ್ಕೆ ಹತ್ತು ಪಾಲು ಜಾಸ್ತಿ ತಗೊಳ್ಳಿ, ಯಾಕಂದ್ರೆ ಅದೇ ಟೈಲ್ಸ್ ಮುಂದಿನ ವಾರ ಸಿಗಲ್ಲ. ಈ ಅಂಗಡಿಗಳಲ್ಲಿ ಇವತ್ತು ಇದ್ದದ್ದು ನಾಳೆ ಇರಲ್ಲ, ಮಾರಿದ ಸಾಮಾನು ಸಾಮಾನ್ಯವಾಗಿ ವಾಪಸ್ ತಗೊಳ್ಳಲ್ಲ, ಹಾಗಾಗಿ ಮನೆ ಕೆಲಸ ಶುರು ಮಾಡೋಕೆ ತಿಂಗಳುಗಟ್ಲೆ ಮುಂಚೆನೇ ಓಡಾಡ್ತಾ ಇರ್ಬೇಕು, ಮೇಸ್ತ್ರಿ ಬಂದು ನಿಂತ ಮೇಲೆ ಹುಡುಕೋಕೆ ಹೋದ್ರೆ ಆಗಲ್ಲ.

ಅಗ್ಗ ಅಂತ ಎಲ್ಲಾನೂ ತರ್ಬಾರ್ದು, ಇದನ್ನ ಗಟ್ಟಿಯಾಗೇ ಹೇಳ್ತೀನಿ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯೋದನ್ನ ನಿಲ್ಲಿಸಿದ್ದು 1978ರಲ್ಲಿ, ಅದಕ್ಕಿಂತ ಹಳೇ ಬಾಗಿಲು ಕಿಟಕಿಗೆ ಬಳಿದಿರೋ ಬಣ್ಣ ಉಜ್ಜಿದ್ರೆ ಬರೋ ಧೂಳು ಸಣ್ಣ ಮಕ್ಕಳ ಮೆದುಳಿಗೆ ವಿಷ. ಕುಡಿಯೋ ನೀರಿನ ನಲ್ಲಿಗಳಲ್ಲೂ ಸೀಸ ಇರುತ್ತಿತ್ತು, 2014ರ ಜನವರಿಯಿಂದ ನಿಯಮ ಬಿಗಿ ಮಾಡಿದ್ರು, ಆದ್ರಿಂದ ಯಾವ ಕಾಲದ್ದು ಅಂತ ಗೊತ್ತಿಲ್ಲದ ನಲ್ಲಿಯನ್ನ ಅಡುಗೆಮನೆಗೆ ಹಾಕ್ಬೇಡಿ. ಕಮೋಡ್ ತಗೊಂಡ್ರೆ 1994ಕ್ಕಿಂತ ಈಚಿನದ್ದು ತಗೊಳ್ಳಿ, ಆಗಿನಿಂದ ಒಂದು ಫ್ಲಶ್‌ಗೆ 1.6 ಗ್ಯಾಲನ್ ಅಂದ್ರೆ ಹತ್ತಿರತ್ತಿರ ಆರು ಲೀಟರ್ ಅಂತ ಮಿತಿ ಬಂತು, ಹಳೇವು ಅದರ ಎರಡು ಮೂರು ಪಟ್ಟು ನೀರು ಕುಡೀತಾವೆ. ವೈರು, ಸ್ವಿಚ್ಚು, ಹೊಗೆ ಅಲಾರಂ ಇಂಥವು ಹೊಸದೇ ಇರ್ಲಿ.

ಈಗ ನಾನು ನಿಜವಾಗ್ಲೂ ಹೇಳೋಕೆ ಬಂದಿರೋ ವಿಷಯ. ಹಳೇ ಸಾಮಾನು ಮಾರೋದು ನಮ್ಮ ದೇಶಕ್ಕೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಹಳೇ ಮನೆ ಕೆಡವೋಕೆ ಬರೋ ಕಾಂಟ್ರಾಕ್ಟರ್ ತೇಗದ ಬಾಗಿಲುವಾಡ, ಬೀಟೆ ಕಂಬ, ತೊಲೆ, ಜಂತೆ ಎಲ್ಲಾ ಲೆಕ್ಕ ಹಾಕಿಯೇ ರೇಟು ಹೇಳೋದು. ಆದ್ರೆ ಅದು ಎಲ್ಲಿಗೆ ಹೋಗುತ್ತೆ ನೋಡಿ. ಕೆತ್ತನೆ ಇರೋ ಕಂಬ, ದಪ್ಪ ಬಾಗಿಲು ಹೋಂಸ್ಟೇಗೂ ರೆಸಾರ್ಟಿಗೂ ಹೋಗುತ್ತೆ, ಹೊಸ ಮರಕ್ಕಿಂತ ಜಾಸ್ತಿ ದುಡ್ಡಿಗೆ. ಬಡವರಿಗೆ ಬೇಕಾಗಿರೋದು ಅದಲ್ಲ. ಅವರಿಗೆ ಬೇಕಾಗಿರೋದು ಸಾದಾ ಬಾಗಿಲು, ಕಿಟಕಿ ಗ್ರಿಲ್, ಬಾತ್‌ರೂಂ ಬಾಗಿಲು, ಸಿಂಕು, ಕಮೋಡು, ನೀರಿನ ಟ್ಯಾಂಕು, ಶೀಟು. ಅದು ಮಾತ್ರ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತೆ, ಕಮೋಡು ಟೈಲ್ಸು ಗುಜರಿಯೋರಿಗೂ ಬೇಡ, ಅದು ಸೀದಾ ಟಿಪ್ಪರ್‌ಗೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನೋಡಿ, ಬಿಲ್ಡರ್ ಹಾಕಿಕೊಟ್ಟ ಟೈಲ್ಸ್ ಮೇಲೆ ಇನ್ನೂ ಯಾರೂ ಕಾಲಿಟ್ಟಿರಲ್ಲ, ಇಂಟೀರಿಯರ್‌ನೋರು ಬಂದು ಕಿತ್ತು ಬೇರೆ ಹಾಕ್ತಾರೆ, ವಾಶ್‌ಬೇಸಿನ್ನು, ಕಮೋಡು, ಬಾತ್‌ರೂಂ ಬಾಗಿಲು ಎಲ್ಲಾ ಬೇಸ್‌ಮೆಂಟ್‌ನಲ್ಲಿ ಒಂದು ಮೂಲೆಗೆ ಬೀಳುತ್ತೆ. ಐಟಿ ಕಂಪನಿಗಳ ಆಫೀಸು ಲೀಸ್ ಮುಗಿದ್ರೆ ಇಡೀ ಮಹಡಿಯ ಗ್ಲಾಸ್ ಪಾರ್ಟಿಷನ್, ಬಾಗಿಲು, ಲೈಟು, ಸೀಲಿಂಗ್ ಶೀಟು ಬಿಚ್ತಾರೆ. ಇನ್ನೊಂದು ಕಡೆ ನಮ್ಮ ತಾಲೂಕಲ್ಲಿ ಒಂದು ಮನೆ ನೋಡ್ದೆ, ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೇಲಿ ಕಟ್ಟಿದ್ದು. ಬಯಲುಸೀಮೆಗೆ ಸಿಗೋ ಸಹಾಯಧನ 1.20 ಲಕ್ಷ, ಪಾಯ ಗೋಡೆ ತಾರಸಿಗೆ ಅದೂ ಸಾಲದೆ ಕೈಸಾಲ ಆಗಿತ್ತು, ಮುಂಬಾಗಿಲು ಹೇಗೋ ಹಾಕ್ಸಿದ್ರು, ಹಿಂಬಾಗಿಲಿಗೆ ತಗಡು ಆನಿಸಿ ಕಲ್ಲು ಇಟ್ಟಿದ್ರು, ಬಚ್ಚಲಿಗೆ ಹಳೇ ಸೀರೆ ಕಟ್ಟಿದ್ರು. ಆ ಮನೇಲಿ ಬೆಳೆದ ಹೆಣ್ಣುಮಗಳಿದಾಳೆ. ಒಂದು ಬಾತ್‌ರೂಂ ಬಾಗಿಲು, ಅದೂ ಯಾರಿಗೋ ಬೇಡ ಅಂತ ಕಿತ್ತು ಬಿಸಾಕಿದ್ದು, ಆ ಮನೆಗೆ ಎಷ್ಟು ದೊಡ್ಡ ವಿಷಯ ಅನ್ನೋದನ್ನ ನಗರದಲ್ಲಿರೋ ನಾವು ಯೋಚನೆ ಮಾಡ್ಬೇಕು.

ಕಾನೂನು ಏನೂ ಇಲ್ಲ ಅಂತಲ್ಲ. ಕಟ್ಟಡ ತ್ಯಾಜ್ಯ ನಿರ್ವಹಣೆಗೆ ಕೇಂದ್ರ ಸರ್ಕಾರ 2016ರಲ್ಲೇ ನಿಯಮ ಮಾಡ್ತು, ದಿನಕ್ಕೆ 20 ಟನ್ ಅಥವಾ ಒಂದು ಪ್ರಾಜೆಕ್ಟಿಂದ ತಿಂಗಳಿಗೆ 300 ಟನ್‌ಗಿಂತ ಹೆಚ್ಚು ಹುಟ್ಟಿಸೋರು ಕಾಂಕ್ರೀಟ್, ಮಣ್ಣು, ಕಬ್ಬಿಣ-ಮರ-ಪ್ಲಾಸ್ಟಿಕ್, ಇಟ್ಟಿಗೆ-ಗಾರೆ ಅಂತ ಬೇರೆ ಬೇರೆ ಮಾಡಿ ಕೊಡ್ಬೇಕು ಅಂತ ಇತ್ತು. ಇದೆಲ್ಲ ಪುಡಿ ಮಾಡಿ ಮತ್ತೆ ಬಳಸೋ ಯೋಚನೆ, ಒಳ್ಳೇದೇ, ಆದ್ರೆ ಇಡಿಯಾಗಿರೋ ಬಾಗಿಲನ್ನ ಬಾಗಿಲಾಗೇ ಇನ್ನೊಬ್ಬರ ಮನೆಗೆ ಸೇರ್ಸೋಕೆ ಅದರಲ್ಲಿ ದಾರಿ ಇರ್ಲಿಲ್ಲ. ಅಮೆರಿಕದಲ್ಲಿ ಕೆಲವು ಊರುಗಳು ಇನ್ನೂ ಮುಂದೆ ಹೋಗಿದಾವೆ. ಒರೆಗಾನ್‌ನ ಪೋರ್ಟ್‌ಲ್ಯಾಂಡ್ ನಗರ 2016ರಲ್ಲಿ 1916ರೊಳಗೆ ಕಟ್ಟಿದ ಮನೆಗಳನ್ನ ಯಂತ್ರ ಹಾಕಿ ಉರುಳಿಸೋ ಹಾಗಿಲ್ಲ, ಕೈಯಲ್ಲಿ ಒಂದೊಂದೇ ಬಿಚ್ಬೇಕು ಅಂತ ಮಾಡ್ತು, 2020ರಲ್ಲಿ ಅದನ್ನ 1940ರ ತನಕದ ಮನೆಗಳಿಗೂ ವಿಸ್ತರಿಸ್ತು. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋನೂ 2020ರಲ್ಲಿ ಇಂಥದ್ದೇ ನಿಯಮ ತಂತು. ಕಟ್ಟಿದ ಕ್ರಮದ ಉಲ್ಟಾ ಕ್ರಮದಲ್ಲಿ ಬಿಚ್ತಾ ಬರ್ತಾರೆ, ಮೊದಲು ಲೈಟು ಬಾಗಿಲು ಕಪಾಟು, ಆಮೇಲೆ ನೆಲದ ಹಲಗೆ, ಕೊನೆಗೆ ತೊಲೆ, ಮೊಳೆ ಕೀಳೋಕೇ ಬೇರೆ ಉಪಕರಣ ಇದೆ. ಜೆಸಿಬಿ ಅರ್ಧ ದಿನದಲ್ಲಿ ಮುಗಿಸೋದಕ್ಕೆ ಇದು ದಿನಗಟ್ಲೆ ಹಿಡಿಯುತ್ತೆ, ಖರ್ಚೂ ಜಾಸ್ತಿ, ಆದ್ರೆ ಆ ಖರ್ಚು ಕೂಲಿ ರೂಪದಲ್ಲಿ ಜನರ ಕೈಗೆ ಹೋಗುತ್ತೆ. 2018ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕಟ್ಟಡ ತ್ಯಾಜ್ಯ 60 ಕೋಟಿ ಟನ್ ಅಂತ ಅವರ ಪರಿಸರ ಇಲಾಖೆಯ ಲೆಕ್ಕ, ಮನೆಗಳ ಕಸದ ಎರಡು ಪಟ್ಟಿಗಿಂತ ಜಾಸ್ತಿ, ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಕೆಡವಿದ್ದರಿಂದಲೇ ಬಂದಿದ್ದು. ಹಾಗಾಗಿ ಅವರು ಎಲ್ಲಾ ಸರಿ ಮಾಡ್ಬಿಟ್ಟಿದಾರೆ ಅಂತ ನಾನು ಹೇಳ್ತಾ ಇಲ್ಲ, ಒಂದು ದಾರಿ ಕಂಡ್ಕೊಂಡಿದಾರೆ ಅಷ್ಟೇ.

ಇನ್ನೊಬ್ಬರ ಮನೆ ಬಾಗಿಲು ತರ್ಬಾರ್ದು, ಅವರ ಕಷ್ಟ ನಮ್ಮ ಹಿಂದೆ ಬರುತ್ತೆ ಅಂತ ನಮ್ಮಲ್ಲಿ ಹಿರಿಯರು ಹೇಳ್ತಾರೆ. ನಮ್ಮಮ್ಮನೂ ಹೇಳ್ತಾರೆ. ಆ ಭಾವನೆಗೆ ನಾನು ಅಡ್ಡ ಮಾತಾಡಲ್ಲ, ಮುಂಬಾಗಿಲು ಇಡೋ ದಿನ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ ಇಡೋ ಜನ ನಾವು, ಮುಂಬಾಗಿಲು ಹೊಸದೇ ಇರ್ಲಿ. ಆದ್ರೆ ಬಚ್ಚಲ ಬಾಗಿಲು, ಗ್ರಿಲ್ಲು, ಸಿಂಕು, ಹೆಂಚಿಗೆ ಯಾವ ಶಾಸ್ತ್ರನೂ ಅಡ್ಡ ಬರಲ್ಲ, ಹಳೇ ಮಂಗಳೂರು ಹೆಂಚನ್ನ ಒಂದು ಮನೆಯಿಂದ ಇನ್ನೊಂದು ಮನೆಗೆ ಇಳಿಸಿ ಏರಿಸಿ ತಲೆಮಾರುಗಳಿಂದ ಬಳಸ್ತಾನೇ ಬಂದಿದೀವಿ. ಮೇಸ್ತ್ರಿಗಳು ಬೇಡ ಅಂತಾರೆ ಅನ್ನೋದೂ ನಿಜ, ಹಳೇದು ಕೂರಿಸೋಕೆ ಕೆಲಸ ಜಾಸ್ತಿ, ಅದಕ್ಕೆ ಸರಿಯಾದ ಕೂಲಿ ಕೊಟ್ರೆ ಅವರೂ ಮಾಡ್ತಾರೆ. ಕದ್ದ ಮಾಲು ಬಂದು ಸೇರ್ಕೊಂಡ್ರೆ ಅನ್ನೋ ಭಯಕ್ಕೆ ಕೊಟ್ಟೋರ ಹೆಸರು, ವಿಳಾಸ ಬರ್ಕೊಂಡು ರಸೀದಿ ಕೊಡೋದೇ ಪರಿಹಾರ, ಆಸ್ಟಿನ್‌ನಲ್ಲೂ ದಾನಕ್ಕೆ ರಸೀದಿ ಕೊಡ್ತಾರೆ.

ಆ ರಸೀದಿಗೆ ಇಲ್ಲಿ ಇನ್ನೊಂದು ಬೆಲೆ ಇದೆ, ಕೊಟ್ಟ ಸಾಮಾನಿನ ಮೌಲ್ಯವನ್ನ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸಬಹುದು. ನಮ್ಮ ದೇಶದಲ್ಲಿ ದಾನಕ್ಕೆ ಸಿಗೋ ಆದಾಯ ತೆರಿಗೆ ವಿನಾಯಿತಿ ದುಡ್ಡು ಕೊಟ್ರೆ ಮಾತ್ರ, ಸಾಮಾನು ಕೊಟ್ರೆ ಇಲ್ಲ. ಬಡವರ ಮನೆಗೆ ಹೋಗೋ ಕಟ್ಟಡ ಸಾಮಾನಿಗಾದ್ರೂ ಒಂದು ಮಿತಿ ಒಳಗೆ ಇದನ್ನ ಕೊಡ್ಬೇಕು ಅಂತ ನಮ್ಮ ಸಂಸದರು ಕೇಳ್ಲಿ. ಅದು ಆಗೋ ತನಕ ಕಾಯ್ಬೇಕಾಗಿಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ಊರೂರಲ್ಲಿ ಆರ್‌ಆರ್‌ಆರ್ (ರೆಡ್ಯೂಸ್, ರೀಯೂಸ್, ರೀಸೈಕಲ್, ಅಂದ್ರೆ ಕಸ ಕಮ್ಮಿ ಮಾಡೋ, ಮತ್ತೆ ಬಳಸೋ) ಕೇಂದ್ರ ತೆರೀರಿ, ಜನ ಹಳೇ ಬಟ್ಟೆ, ಪುಸ್ತಕ, ಚಪ್ಪಲಿ, ಪ್ಲಾಸ್ಟಿಕ್ ತಂದು ಕೊಡ್ಲಿ ಅಂತ ಅಭಿಯಾನ ಮಾಡ್ತು. ಅದೇ ವ್ಯವಸ್ಥೆಗೆ ಒಂದು ಶೆಡ್ಡು, ಒಂದು ಸಣ್ಣ ಲಾರಿ ಸೇರಿಸಿ ಬಾಗಿಲು, ಕಿಟಕಿ, ಸಿಂಕು, ಉಳಿದ ಟೈಲ್ಸ್ ತಗೊಳ್ಳೋಕೆ ಶುರು ಮಾಡ್ಬಹುದು, ನಡೆಸೋದನ್ನ ಸ್ತ್ರೀಶಕ್ತಿ ಸಂಘಕ್ಕೋ ಒಳ್ಳೆ ಹೆಸರಿರೋ ಟ್ರಸ್ಟಿಗೋ ವಹಿಸ್ಬಹುದು. ಪುಕ್ಕಟೆ ಹಂಚ್ಬೇಡಿ, ದಯವಿಟ್ಟು. ಪುಕ್ಕಟೆ ಅಂದ ತಕ್ಷಣ ಶಿಫಾರಸು, ಕಾರ್ಯಕರ್ತರು, ಪಟ್ಟಿ ಎಲ್ಲಾ ಶುರುವಾಗುತ್ತೆ. ಬೆಲೆ ಚೀಟಿ ಅಂಟಿಸಿ ಮಾರಿ, ಬಂದ ದುಡ್ಡಲ್ಲಿ ಲಾರಿ ಡೀಸೆಲ್ಲು, ಕೆಲಸದೋರ ಸಂಬಳ ಕಳೆದು ಉಳಿದಿದ್ದನ್ನ ಅರ್ಧಕ್ಕೆ ನಿಂತ ಮನೆಗಳಿಗೆ ಹಾಕಿ. ಮೊದಲು ಇಡೀ ರಾಜ್ಯಕ್ಕೆ ಅಂತ ಹೊರಡ್ಬೇಡಿ, ಬೆಂಗಳೂರಲ್ಲಿ ಒಂದು, ತುಮಕೂರಲ್ಲೋ ಹುಬ್ಬಳ್ಳಿಲೋ ಒಂದು, ಎರಡೇ ಸಾಕು. ನಗರದಲ್ಲಿ ಸಾಮಾನು ಸಿಗುತ್ತೆ, ತುಮಕೂರಿನಂಥ ಊರಲ್ಲಿ ಅದು ಬೇಕಾಗಿರೋ ಜನ ಸಿಗ್ತಾರೆ, ಮಧ್ಯೆ ಇರೋದು ಎರಡು ಗಂಟೆ ದಾರಿ.

ನಿಮ್ಮಿಂದ ಆಗೋ ಒಂದು ಕೆಲಸನೂ ಇದೆ ಸಂಪಾದಕರೇ. ವಾರಕ್ಕೊಂದು ದಿನ, ಜಿಲ್ಲಾ ಪುಟದಲ್ಲಿ ಒಂದು ಸಣ್ಣ ಕಾಲಂ ಕೊಡಿ, ಮನೆ ಬಿಚ್ತಾ ಇರೋರು ತಮ್ಮತ್ರ ಏನಿದೆ, ಅಳತೆ ಎಷ್ಟು, ಯಾವ ಊರು ಅಂತ ನಾಕು ಸಾಲು ಬರೆದು ಕಳಿಸ್ಲಿ, ಜಾಹೀರಾತಿನ ದುಡ್ಡು ತಗೋಬೇಡಿ. ಮೊದಲನೇದು ನಾನೇ ಕಳಿಸ್ತೀನಿ. ಊರಲ್ಲಿ ನಮ್ಮ ಹಳೇ ಮನೆಯ ಹಿಂಭಾಗವನ್ನ ಯುಗಾದಿ ಕಳೆದ ಮೇಲೆ ಬಿಚ್ತಾರೆ. ಮತ್ತಿ ಮರದ ಒಂಟಿ ಬಾಗಿಲು ಒಂದು, ಆರಡಿ ಎತ್ತರ, ಎರಡೂವರೆ ಅಡಿ ಅಗಲ, ಚಿಲಕ ಗಟ್ಟಿಯಾಗಿದೆ. ಸರಳು ಹಾಕಿರೋ ಕಿಟಕಿ ಎರಡು. ಮಂಗಳೂರು ಹೆಂಚು ಒಂದು ಕೋಣೆಗೆ ಆಗೋ ಅಷ್ಟು, ಒಡಕಿಲ್ಲದ್ದು. ಬಂದು ನೋಡಿ ತಗೊಂಡು ಹೋಗ್ಬಹುದು, ಮನೇಲಿ ನಮ್ಮಣ್ಣ ಇರ್ತಾರೆ.

ಇಂತಿ ನಿಮ್ಮ ಓದುಗ,
ತುಮಕೂರು ಜಿಲ್ಲೆ, ಸದ್ಯ ಆಸ್ಟಿನ್, ಟೆಕ್ಸಾಸ್